ಕಾರಿನ ಬಾಗಿಲಿಗೆ ನೆಗ್ಗು, ಗೀರು: ನೀವು ಏನು ಮಾಡಿದಿರಿ?

ಕೇಳಿದವರು, ಬ್ರಹ್ಮಪುರ, ಕಲಬುರಗಿ:
ದೀಪಾವಳಿಗೆ ಬಿಳಿ ಕಾರು ತಗೊಂಡೆವು. ಮನೆ ಹಳೆ ಓಣಿಯಲ್ಲಿದೆ. ನಿಲ್ಲಿಸಿದಾಗ ಡ್ರೈವರ್ ಕಡೆಗೆ ಶಹಾಬಾದ್ ಕಲ್ಲಿನ ಗೋಡೆ, ಎಡಗಡೆ ಬೈಕು, ಆಟೊ ಓಡಾಡುವ ದಾರಿ. ಈಗಾಗಲೇ ಎಡಗಡೆ ಹಿಂದಿನ ಬಾಗಿಲಲ್ಲಿ ನೆಗ್ಗು ಬಿದ್ದಿದೆ. ಡ್ರೈವರ್ ಬಾಗಿಲಿನ ಅಂಚಿನಲ್ಲಿ ಬಣ್ಣ ಹಾರಿದೆ. ಬಿಸಿಲಲ್ಲಿ ನೋಡಿದರೆ ಮೈತುಂಬ ಸಣ್ಣ ಗೀರು. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಎಲ್ಲಾ ಸರಿಹೋಗುತ್ತದೆ ಅಂತ ಒಬ್ಬರು ಗಂಟು ಬಿದ್ದಿದ್ದಾರೆ. ರೊಕ್ಕ ಸಣ್ಣದಲ್ಲ. ಅನುಭವ ಇದ್ದವರು ಹೇಳಿ.

ಜೇವರ್ಗಿ ರಸ್ತೆಯಿಂದ:
ಸೆರಾಮಿಕ್ ಕೆಟ್ಟದ್ದಲ್ಲ. ಹೊಳಪು ಬರುತ್ತದೆ, ನೀರು ನಿಲ್ಲುವುದಿಲ್ಲ, ತೊಳೆಯುವುದು ಸುಲಭ. ಆದರೆ ಅದು ಕೂದಲಿಗಿಂತ ಎಷ್ಟೋ ತೆಳುವಾದ ಪದರ. ಪಕ್ಕದ ಕಾರಿನ ಬಾಗಿಲು ಬಡಿದರೆ ಅದೇನು ಮಾಡೀತು? ನೆಗ್ಗಿಗೂ ಅದಕ್ಕೂ ಸಂಬಂಧವಿಲ್ಲ.

ಏನಾದರೂ ಕೊಳ್ಳುವ ಮೊದಲು ಗುರುತು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ನೋಡಿ. ಅಂಚಿನ ಬಣ್ಣ ಹಾರಿದ್ದರೆ ಹೊರಗಿನವರು ಯಾರೂ ಕಾರಣವಲ್ಲ, ನಿಮ್ಮ ಬಾಗಿಲೇ ಗೋಡೆಗೆ ತಾಗುತ್ತಿದೆ. ಬಾಗಿಲಿನ ಉಬ್ಬಿದ ಭಾಗದಲ್ಲಿ ಚಿಕ್ಕ, ಉದ್ದ ನೆಗ್ಗು ಇದ್ದರೆ ಪಕ್ಕದ ಕಾರಿನ ಬಾಗಿಲು. ಹಿಡಿಕೆಯ ಆಸುಪಾಸಿನಲ್ಲಿ ಗೀಚಿದ್ದರೆ ಬೈಕಿನ ಹ್ಯಾಂಡಲ್, ಬ್ರೇಕ್ ಲಿವರ್. ಬಿಸಿಲಲ್ಲಿ ಮಾತ್ರ ಕಾಣುವ ಬಲೆಯಂಥ ಗೀರು ನಿಮ್ಮ ಮನೆಯ ಬಟ್ಟೆಯದ್ದೇ. ನಿಮಗೆ ಒಂದು ತೊಂದರೆ ಅಲ್ಲ, ಮೂರು ಬೇರೆ ಬೇರೆ ತೊಂದರೆ ಇವೆ. ಒಂದೇ ಮದ್ದು ಮಾರುವವರನ್ನು ಅದಕ್ಕೇ ನಂಬಬೇಡಿ.

ಅಂಚಿಗೆ ಮೊದಲು ಗೋಡೆಯನ್ನು ಸರಿಮಾಡಿ, ಆಮೇಲೆ ಕಾರು. ಹಳೆ ಲಾರಿ ಟ್ಯೂಬನ್ನು ಅಗಲ ಪಟ್ಟಿ ಮಾಡಿ, ಬಾಗಿಲು ತಾಗುವ ಎತ್ತರಕ್ಕೆ ಗೋಡೆಗೆ ಕೂರಿಸಿ. ಶಹಾಬಾದ್ ಕಲ್ಲಿಗೆ ನೇರ ಮೊಳೆ ಹೊಡೆಯಬೇಡಿ, ಪದರ ಬಿಟ್ಟು ಸೀಳುತ್ತದೆ. ಕಲ್ಲಿನ ಸಂದಿಯ ಸಿಮೆಂಟಿಗೆ ಡ್ರಿಲ್ ಹಾಕಿ, ಕಟ್ಟಿಗೆ ಪಟ್ಟಿ ಕೂಡಿಸಿ, ಅದರ ಮೇಲೆ ರಬ್ಬರ್ ಬಡಿಯಿರಿ. ನೋಡಲು ಚೆಂದ ಇರುವುದಿಲ್ಲ. ಆದರೆ ನಮ್ಮ ಓಣಿಯಲ್ಲಿ ಈಗ ಎಲ್ಲರ ಗೋಡೆಯಲ್ಲೂ ಇದೇ ಇದೆ. ಜಾಗ ಇದ್ದರೆ ಕಾರನ್ನು ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿದರೂ ಅರ್ಧ ಕೆಲಸ ಮುಗಿಯಿತು.

ಬಟ್ಟೆಯ ಮಾತು. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳಿವೆ, ಊರಲ್ಲಿ ಕಲ್ಲಿನ ಪುಡಿ, ಹೊಲದ ಕಪ್ಪು ಮಣ್ಣಿನ ಧೂಳು. ಬೆಳಿಗ್ಗೆ ಎದ್ದು ಅದರ ಮೇಲೆ ಒಣ ಬಟ್ಟೆ ಆಡಿಸಿದರೆ ಬಣ್ಣಕ್ಕೆ ಮರಳು ಕಾಗದ ತಿಕ್ಕಿದ ಹಾಗೆ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಹೆಚ್ಚುಕಡಿಮೆ 40-50 ಮೈಕ್ರಾನ್ ಅಷ್ಟೇ (ಒಂದು ಮಿಲಿಮೀಟರ್‌ಗೆ ಸಾವಿರ ಮೈಕ್ರಾನ್). ಮೊದಲು ನೀರು ಹೊಯ್ದು ಧೂಳು ಇಳಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ನೀರಿಲ್ಲದ ದಿನ ಧೂಳು ಇರಲಿ ಬಿಡಿ. ಧೂಳು ಕೂತರೆ ಬಣ್ಣ ಸವೆಯುವುದಿಲ್ಲ, ಒರೆಸಿದರೆ ಸವೆಯುತ್ತದೆ.

ಯಾದಗಿರಿಯಿಂದ:
ಅಣ್ಣಾ, ಬಾಗಿಲಿಗೆ ಅಂಟುವ ಮ್ಯಾಗ್ನೆಟ್ ಪಟ್ಟಿ ಮಾತ್ರ ತರಬೇಡಿ. ಪಟ್ಟಿಯ ಕೆಳಗೆ ಧೂಳು ಸೇರುತ್ತದೆ, ಗಾಳಿಗೆ ಅಲ್ಲಾಡಿ ಅದೇ ಬಣ್ಣವನ್ನು ತಿಕ್ಕುತ್ತದೆ. ಕಾರಿನ ಕವರ್‌ಗೂ ಇದೇ ಮಾತು. ಧೂಳಿದ್ದ ಕಾರಿನ ಮೇಲೆ ಹೊದಿಸಿದರೆ, ಬೇಸಿಗೆ ಗಾಳಿಯಲ್ಲಿ ದಿನವಿಡೀ ಉಜ್ಜುತ್ತಲೇ ಇರುತ್ತದೆ.

ಬೀದರ್‌ನಿಂದ:
ನಾವು ಪಿಪಿಎಫ್ ಹಾಕಿಸಿದ್ದೇವೆ, ಪೂರ್ತಿ ಕಾರಿಗಲ್ಲ. ಬಾಗಿಲಿನ ಅಂಚು, ಹಿಡಿಕೆಯ ಹಿಂದಿನ ತಗ್ಗು, ಬಾಗಿಲಿನ ಕೆಳಭಾಗ ಅಷ್ಟೇ. ಪಿಪಿಎಫ್ ಅಂದರೆ ಪಾರದರ್ಶಕ ಫಿಲ್ಮ್. ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ಉಗುರಿನ ಗೀರು, ಬಳೆ, ಕೀಲಿಯ ಗುರುತು ಇದು ತಡೆಯುತ್ತದೆ. ಟಿಪಿಯು ಅನ್ನುವ ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್‌ನ ಫಿಲ್ಮ್ ಆದರೆ ಸಣ್ಣ ಗೀರು ಬಿಸಿಲಿಗೆ ತಾನೇ ಮಾಯವಾಗುತ್ತದೆ. ನಮ್ಮ ಕಡೆ ಬಿಸಿಲಿಗೇನು ಬರ! ಪಿವಿಸಿ ಫಿಲ್ಮ್ ಅಗ್ಗ, ಆದರೆ ಹಳದಿ ಆಗುತ್ತದೆ. ಬಿಳಿ ಕಾರಿನಲ್ಲಿ ಅದು ಬೇಗ ಕಾಣುತ್ತದೆ. ಬಿಲ್ಲಿನಲ್ಲಿ ಟಿಪಿಯು ಅಂತ ಬರೆಸಿಕೊಳ್ಳಿ. ಜೋರು ಪೆಟ್ಟು ಬಿದ್ದರೆ ಇದೂ ನೆಗ್ಗು ತಡೆಯುವುದಿಲ್ಲ.

ನಾನಕ್ ಝೀರಾ ಗುರುದ್ವಾರಕ್ಕೆ ರಜೆಯ ದಿನ ಹೋಗಿ ನೋಡಿ, ಹೊರ ರಾಜ್ಯದ ಕಾರುಗಳ ನಡುವೆ ಜಾಗ ಸಿಗುವುದೇ ಪುಣ್ಯ. ಅಂಥ ಕಡೆ ಸಾಲಿನ ಕೊನೆಯ ಜಾಗ ಹುಡುಕಿ. ಎರಡು ಕಡೆ ಅಪಾಯ ಬೇಡ, ಒಂದು ಕಡೆ ಸಾಕು. ನಾಲ್ಕು ಹೆಜ್ಜೆ ಜಾಸ್ತಿ ನಡೆದರೂ ಪರವಾಗಿಲ್ಲ.

ಕೇಳಿದವರು:
ಅಂಚಿನ ಬಗ್ಗೆ ತಿಳಿಯಿತು. ಎಡಗಡೆ ನೆಗ್ಗು ತೆಗೆಸುವುದು ಹೇಗೆ? ಇನ್ಶೂರೆನ್ಸ್ ಹಾಕಲೇ? ಬಿಸಿನೀರು ಹೊಯ್ದರೆ ಏಳುತ್ತದೆ ಅಂತ ವಿಡಿಯೊ ನೋಡಿದೆ.

ಹುಮನಾಬಾದ್ ರಸ್ತೆಯ ಟಿಂಕರಿಂಗ್ ಅಂಗಡಿಯಿಂದ:
ಸರ್, ಬಿಸಿನೀರು ಪ್ಲಾಸ್ಟಿಕ್ ಬಂಪರ್‌ಗೆ. ಬಾಗಿಲು ತಗಡಿನದ್ದು. ಸುಮ್ನೆ ಸುಟ್ಟುಕೊಳ್ಳಬೇಡಿ.

ನೆಗ್ಗಿನ ಮೇಲೆ ಬೆರಳಾಡಿಸಿ. ಬಣ್ಣ ಒಡೆದಿಲ್ಲ, ಮಡಿಕೆ ಇಲ್ಲ ಅಂದರೆ ಪೇಂಟ್ ಇಲ್ಲದೆ ತೆಗೆಯಬಹುದು. ಒಳಗಿನಿಂದ ಕಬ್ಬಿಣದ ರಾಡಿನಲ್ಲಿ ನಿಧಾನ ಒತ್ತಿ ಎಬ್ಬಿಸುತ್ತಾರೆ, ಅಥವಾ ಹೊರಗಿನಿಂದ ಅಂಟಿನ ಗುಂಡಿ ಹಚ್ಚಿ ಎಳೆಯುತ್ತಾರೆ. ಪಿಡಿಆರ್ ಅನ್ನುತ್ತಾರೆ. ಎಲ್ಲರಿಗೂ ಬರುವ ಕೆಲಸವಲ್ಲ. ಮೊದಲು ಅವರು ಮಾಡಿದ ಕಾರೊಂದನ್ನು ತೋರಿಸಲು ಕೇಳಿ. ಹೊಸ ಕಾರಿಗೆ ಇದೇ ಮೊದಲ ದಾರಿ, ಯಾಕೆಂದರೆ ಕಂಪನಿಯ ಬಣ್ಣ ಉಳಿಯುತ್ತದೆ. ನಾವು ಪುಟ್ಟಿ ಹಚ್ಚಿ ಎಷ್ಟೇ ಚೆನ್ನಾಗಿ ಹೊಡೆದರೂ ಅದು ಎರಡನೇ ಬಣ್ಣವೇ. ಮಾರುವಾಗ ಕೊಳ್ಳುವವರು ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟು ಹಿಡಿಯುತ್ತಾರೆ.

ಗೀರಿಗೆ ಉಗುರು ಪರೀಕ್ಷೆ. ಅಡ್ಡ ಎಳೆದಾಗ ಉಗುರು ಸಿಕ್ಕದಿದ್ದರೆ ಪಾಲಿಷ್‌ನಲ್ಲಿ ಹೋಗುತ್ತದೆ. ಸಿಕ್ಕಿದರೆ ಪಾಲಿಷ್ ಮಾಡಿಸುತ್ತಾ ರೊಕ್ಕ ಕಳೆಯಬೇಡಿ, ಟಚಪ್ ಬೇಕು, ಅಂದರೆ ಆ ಜಾಗಕ್ಕಷ್ಟೇ ಬಣ್ಣ ತುಂಬುವುದು. ಅಂಚಿನಲ್ಲಿ ತಗಡು ಕಾಣುತ್ತಿದ್ದರೆ ಮಳೆಗಾಲಕ್ಕೆ ಮೊದಲೇ ಮುಚ್ಚಿ, ಇಲ್ಲದಿದ್ದರೆ ತುಕ್ಕು ಬಣ್ಣದ ಕೆಳಗೆ ನುಸುಳುತ್ತದೆ. ಬಿಳಿ ಅಂತ ಹೇಳಿ ಬಣ್ಣ ತರಬೇಡಿ. ಬಿಳಿಯಲ್ಲೂ ಹತ್ತು ತರ. ಕಾರಿನ ಮೇಲಿನ ಸ್ಟಿಕ್ಕರ್‌ನಲ್ಲಿ ಕಲರ್ ಕೋಡ್ ಇರುತ್ತದೆ, ಅದನ್ನು ತೋರಿಸಿ.

ಶಹಾಪುರದಿಂದ:
ಇನ್ಶೂರೆನ್ಸ್‌ಗೆ ನನ್ನದೊಂದು ಲೆಕ್ಕ. ಸಣ್ಣ ಕಾರಿಗೆ, ಅಂದರೆ 1500 ಸಿಸಿ ವರೆಗೆ, ಪ್ರತಿ ಕ್ಲೇಮ್‌ನಲ್ಲಿ ಮೊದಲ 1000 ರೂಪಾಯಿ ನಿಮ್ಮದೇ. ಅದಕ್ಕಿಂತ ದೊಡ್ಡ ಎಂಜಿನ್ ಆದರೆ 2000. ಜೊತೆಗೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದ ವರ್ಷಕ್ಕೆ ಸಿಗುವ ರಿಯಾಯಿತಿ, ಹೋಗುತ್ತದೆ. ಅದು ಮೊದಲ ವರ್ಷಕ್ಕೆ 20 ಶೇಕಡಾ, ಹಾಗೇ ಏರಿ 50ಕ್ಕೆ ನಿಲ್ಲುತ್ತದೆ, ನಿಮ್ಮ ಕಾರಿನ ಸ್ವಂತ ಹಾನಿಗೆ ಕಟ್ಟುವ ಪ್ರೀಮಿಯಂ ಮೇಲೆ. ಒಂದು ನೆಗ್ಗಿಗೆ ಕ್ಲೇಮ್ ಹಾಕಿದರೆ ಮುಂದಿನ ಸಲ ಜಾಸ್ತಿ ಕಟ್ಟುತ್ತೀರಿ. ಟಿಂಕರಿಂಗ್ ಖರ್ಚು ಕೇಳಿ, ಕಡಿಮೆ ಇದ್ದರೆ ಕೈಯಿಂದಲೇ ಕೊಟ್ಟು ಮುಗಿಸಿ. ಎರಡು ಮೂರು ಬಾಗಿಲು ಒಟ್ಟಿಗೆ ಹೋದಾಗ ಕ್ಲೇಮ್ ಇದೆ.

ಆಳಂದ ನಾಕಾ ಕಡೆಯಿಂದ:
ಮನೆಯವರ ಬಗ್ಗೆ ಯಾರೂ ಹೇಳಲಿಲ್ಲ! ಮಕ್ಕಳಿದ್ದರೆ ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿ, ಹೊರಗಿನಿಂದ ನೀವೇ ತೆರೆಯಿರಿ. ನಮ್ಮ ಅಜ್ಜಿ ಬಾಗಿಲನ್ನು ಒದ್ದು ತೆರೆಯುತ್ತಿದ್ದರು, ಎತ್ತಿನ ಗಾಡಿ ಇಳಿದು ಅಭ್ಯಾಸ ಆದವರು. ಅವರಿಗೆ ಬುದ್ಧಿ ಹೇಳುವುದಕ್ಕಿಂತ, ಅವರು ಕೂರುವ ಕಡೆ ಬಯಲು ಇರುವ ಹಾಗೆ ನಿಲ್ಲಿಸುವುದೇ ಸುಲಭ. ಮಳೆಗೆ ಮುಂಚಿನ ಗಾಳಿಯಲ್ಲಿ ಬಾಗಿಲು ಕೈ ತಪ್ಪಿ ಹಾರುತ್ತದೆ, ಗಾಳಿಗೆ ಮುಖ ಮಾಡಿ ನಿಲ್ಲಿಸಿ. ಶರಣಬಸವೇಶ್ವರ ಜಾತ್ರೆಗೆ ಮಾತ್ರ ಕಾರೇ ತರಬೇಡಿ, ಆಟೊದಲ್ಲಿ ಬನ್ನಿ.

ಕೇಳಿದವರು:
ಎಲ್ಲರಿಗೂ ಶರಣು. ಲಾರಿ ಟ್ಯೂಬ್ ಹುಡುಕುತ್ತಿದ್ದೇನೆ. ಅಂಚಿಗೆ ರಬ್ಬರ್ ಬೀಡಿಂಗ್ ಹಚ್ಚಬಹುದಾ?

ಹುಮನಾಬಾದ್ ರಸ್ತೆಯ ಟಿಂಕರಿಂಗ್ ಅಂಗಡಿಯಿಂದ:
ಹಚ್ಚಿ. ಮೊದಲು ಟಚಪ್, ಅದು ಚೆನ್ನಾಗಿ ಒಣಗಿದ ಮೇಲೆ ಬೀಡಿಂಗ್. ಒಳಗೆ ತಗಡಿನ ಪಟ್ಟಿ ಇರುವ ಬೀಡಿಂಗ್ ಬೇಡ, ಅದೇ ಬಣ್ಣ ಕೊರೆಯುತ್ತದೆ. ಅಂಟು ಟೇಪಿನದ್ದಾದರೆ ಸ್ಪಿರಿಟ್‌ನಲ್ಲಿ ಒರೆಸಿ, ಬೆಳಿಗ್ಗೆ ನೆರಳಲ್ಲಿ ಹಚ್ಚಿ. ಮಧ್ಯಾಹ್ನ ತಗಡು ಕೈ ಇಡಲಾಗದಷ್ಟು ಕಾದಿರುತ್ತದೆ, ಅಂಟು ಸರಿಯಾಗಿ ಕೂರುವುದಿಲ್ಲ. ಟೇಪು ಪೂರ್ತಿ ಹಿಡಿಯಲು ಮೂರು ದಿನ ಬೇಕು. ಅಲ್ಲಿಯವರೆಗೆ ಕಾರು ತೊಳೆಯಬೇಡಿ.