ಪುಟ್ಟಿಯ ಬಿಬಿಎ, ದೊಡ್ಡಪ್ಪನ ಫಾರ್ವರ್ಡ್

ಅಕ್ಕನ ಮಗಳು ಪುಟ್ಟಿ ಸೆಕೆಂಡ್ ಪಿಯುಸಿ ಕಾಮರ್ಸ್ ಮುಗಿಸಿದ್ದಾಳೆ. ಆನೇಕಲ್ ಕಡೆ ಒಂದು ಚಿಕ್ಕ ಖಾಸಗಿ ವಿಶ್ವವಿದ್ಯಾಲಯದಲ್ಲಿ ಬಿಬಿಎ ಮಾಡಬೇಕು ಅಂತ ಅವಳ ಆಸೆ. ಅಲ್ಲಿ ಬಿಸಿನೆಸ್ ಬಿಟ್ಟರೆ ಬೇರೆ ಕೋರ್ಸು ಹೆಚ್ಚಿಲ್ಲ, ಕ್ಲಾಸಿಗೆ ನಲವತ್ತೇ ಮಕ್ಕಳು. ಇದು ನಮ್ಮ ಮನೆ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಭಾನುವಾರ ಬೆಳಿಗ್ಗೆ ಏಳೂವರೆಗೆ ದೊಡ್ಡಪ್ಪನ ಮೆಸೇಜು ಬಂತು.

"ಖಾಸಗಿ ಯೂನಿವರ್ಸಿಟಿ ಡಿಗ್ರಿ ಇನ್ನು ಅಮಾನ್ಯ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಆದೇಶ. ಎಲ್ಲ ತಂದೆತಾಯಿಗಳಿಗೂ ತಲುಪಿಸಿ."

ದೊಡ್ಡಪ್ಪ: ಅಳಿಯಂದಿರೇ, ಇದನ್ನು ಓದಿ. ದುಡ್ಡು ಕಟ್ಟುವ ಮೊದಲೇ ಹೇಳಿದ್ದೇನೆ. ಆಮೇಲೆ ಯಾರೂ ಹೇಳಲಿಲ್ಲ ಅನ್ನಬೇಡಿ.

ಅಣ್ಣ: ಅಪ್ಪ, ಆದೇಶದ ತಾರೀಖು ಎಲ್ಲಿದೆ? ನಂಬರ್ ಎಲ್ಲಿದೆ? ಯುಜಿಸಿ ವೆಬ್‌ಸೈಟಿನಲ್ಲಿ ಹುಡುಕಿದೆ. ಇಂಥದ್ದೇನೂ ಇಲ್ಲ.

ದೊಡ್ಡಪ್ಪ: ವಾಕಿಂಗ್ ಸ್ನೇಹಿತರು ಕಳಿಸಿದ್ದು. ಎ.ಜಿ. ಆಫೀಸಿನಲ್ಲಿ ಇದ್ದವರು.

ಅಣ್ಣ: ಅವರು ಕಳಿಸಿದರೆ ಅದು ಯುಜಿಸಿ ಆದೇಶ ಆಗುವುದಿಲ್ಲ.

ಮೈಸೂರು ಅತ್ತೆ: ಅಪ್ಪನ ಹತ್ತಿರ ಹೀಗಾ ಮಾತಾಡೋದು? ಹಿರಿಯರು ಒಳ್ಳೆಯದಕ್ಕೇ ಹೇಳುತ್ತಾರೆ. ಈಗ ವಿದ್ಯೆ ಅಂಗಡಿ ಸಾಮಾನಾಗಿದೆ. ಎಚ್. ನರಸಿಂಹಯ್ಯ ಮೇಷ್ಟ್ರು ವೈಸ್ ಚಾನ್ಸಲರ್ ಆಗಿದ್ದವರು, ಆದರೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಬದುಕಿದರು. ಅಂಥವರು ಈಗ ಎಲ್ಲಿದ್ದಾರೆ?

ಅಣ್ಣ: ಪ್ರಶ್ನೆ ಕೇಳಿ ಅಂತ ಹೇಳಿಕೊಟ್ಟವರೂ ಅವರೇ ಅತ್ತೆ. ಬೇಕಾದರೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಗ್ರೇಡು ನೋಡೋಣ. ನ್ಯಾಕ್ ಆಫೀಸು ನಮ್ಮ ನಾಗರಬಾವಿಯಲ್ಲೇ ಇದೆ.

ಚಿಕ್ಕಪ್ಪ: ನಾಗರಬಾವಿ ಅಂದ ಕೂಡಲೇ ನೆನಪಾಯಿತು. ನಾನೂ ದೊಡ್ಡಣ್ಣನೂ ಸ್ಕೂಟರಿನಲ್ಲಿ ಸೈಟು ನೋಡಲು ಹೋಗಿದ್ದೆವು. ಎಲ್ಲಿ ನೋಡಿದರೂ ರಾಗಿ ಹೊಲ, ಮಣ್ಣಿನ ರಸ್ತೆ. ವಾಪಸ್ ಬರುವಾಗ ಟೈರ್ ಪಂಕ್ಚರ್, ವಿಜಯನಗರದವರೆಗೂ ತಳ್ಳಿಕೊಂಡು ಬಂದೆವು. ಈ ಕಾಡಿಗೆ ಯಾರು ಬರುತ್ತಾರೆ ಅಂದವರು ಯಾರು ಅಂತ ಈಗ ಹೇಳುವುದಿಲ್ಲ.

ದೊಡ್ಡಪ್ಪ: ಅವತ್ತು ಅಡ್ವಾನ್ಸ್ ಕೊಡಲು ನಿನ್ನ ಹತ್ತಿರ ದುಡ್ಡಿತ್ತಾ?

ಚಿಕ್ಕಪ್ಪ: ಅಮ್ಮನ ಬಳೆ ಇತ್ತು. ಅದು ಎಲ್ಲಿ ಹೋಯಿತು ಅಂತ ಅತ್ತಿಗೆಯನ್ನೇ ಕೇಳಿ.

ಅರ್ಧ ಗಂಟೆ ಬಳೆಯ ಮಾತೇ ಆಯಿತು. ಅತ್ತೆ ಅತ್ತರು. ಅಕ್ಕ ಒಂದು ಅಕ್ಷರ ಬರೆಯಲಿಲ್ಲ. ಪುಟ್ಟಿಯೂ ಗುಂಪಿನಲ್ಲೇ ಇದ್ದಾಳೆ, ಎಲ್ಲವನ್ನೂ ಓದುತ್ತಿದ್ದಾಳೆ. ಅವಳ ಮೂರು ವರ್ಷದ ಮಾತು ಇದು. ನನಗೆ ತಡೆಯಲಾಗಲಿಲ್ಲ. ಉಪ್ಪಿಟ್ಟಿನ ಒಲೆ ಆರಿಸಿ ಬರೆಯಲು ಕೂತೆ.

ನಾನು: ದೊಡ್ಡಪ್ಪ, ಮೆಸೇಜು ಸುಳ್ಳು. ಆದರೆ ನಿಮ್ಮ ಭಯ ಸುಮ್ನೆ ಬಂದದ್ದಲ್ಲ. ಛತ್ತೀಸ್‌ಗಢದಲ್ಲಿ 2002ರ ಒಂದು ಕಾನೂನಿನ ಮೇಲೆ, ಬರೀ ನೋಟಿಫಿಕೇಶನ್ ಹೊರಡಿಸಿ ನೂರಕ್ಕೂ ಜಾಸ್ತಿ ಖಾಸಗಿ ವಿಶ್ವವಿದ್ಯಾಲಯ ಶುರು ಮಾಡಿದ್ದರು. ಎಷ್ಟೋ ಕಡೆ ಕ್ಯಾಂಪಸ್ಸೇ ಇರಲಿಲ್ಲ. ವಿಜ್ಞಾನಿ ಪ್ರೊಫೆಸರ್ ಯಶಪಾಲ್ ಕೋರ್ಟಿಗೆ ಹೋದರು. 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದು ಹಾಕಿತು. ನಮ್ಮಲ್ಲಿ ಹಾಗಿಲ್ಲ. ಒಂದೊಂದು ಖಾಸಗಿ ವಿಶ್ವವಿದ್ಯಾಲಯಕ್ಕೂ ವಿಧಾನಮಂಡಲದಲ್ಲಿ ಬೇರೆ ಬೇರೆ ಕಾಯ್ದೆ ಆಗಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2010ರ ಕಾಯ್ದೆಯಿಂದ ಬಂದದ್ದು. ಹಾಗೆ ಬಂದವು 1956ರ ಯುಜಿಸಿ ಕಾಯ್ದೆ ಪ್ರಕಾರ ಡಿಗ್ರಿ ಕೊಡಬಹುದು. ಯುಜಿಸಿ ಹತ್ತಿರ ಅಸಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಇದೆ, ನಕಲಿಯವುಗಳ ಪಟ್ಟಿಯೂ ಇದೆ. ನಕಲಿಯದರಲ್ಲಿ ಇಡೀ ದೇಶಕ್ಕೆ ಸೇರಿ ಕೆಲವೇ ಹೆಸರು. ನಿನ್ನೆ ರಾತ್ರಿ ನಾನೂ ಪುಟ್ಟಿಯೂ ಎರಡು ಪಟ್ಟಿಯನ್ನೂ ತೆಗೆದು ನೋಡಿದೆವು. ಅವಳು ಕೇಳಿದ್ದು ಅಸಲಿ ಪಟ್ಟಿಯಲ್ಲೇ ಇದೆ.

ಅಣ್ಣ, ನ್ಯಾಕ್ ಗ್ರೇಡು ಒಂದನ್ನೇ ನೋಡಿದರೂ ಸಾಲದು. ಗ್ರೇಡು ಕೊಡುತ್ತಿದ್ದ ಪದ್ಧತಿಯಲ್ಲಿ ಎರಡು ಬ್ಯಾಚು ಹೊರಗೆ ಬರಬೇಕಿತ್ತು, ಇಲ್ಲ ಆರು ವರ್ಷ ತುಂಬಬೇಕಿತ್ತು. ಆಮೇಲೆಯೇ ಅರ್ಜಿ ಹಾಕಲು ಆಗುತ್ತಿತ್ತು. ಹೊಸದಕ್ಕೆ ಗ್ರೇಡು ಇಲ್ಲ ಅಂದರೆ ಕೆಟ್ಟದು ಅಂತ ಅಲ್ಲ.

ನನ್ನ ಚಿಂತೆ ಬೇರೆ. ಚಿಕ್ಕ ಜಾಗದಲ್ಲಿ ಒಬ್ಬ ಒಳ್ಳೆ ಮೇಷ್ಟ್ರು ಬಿಟ್ಟು ಹೋದರೆ ಒಂದು ಸಬ್ಜೆಕ್ಟೇ ಬಿದ್ದು ಹೋಗುತ್ತದೆ. ಕಾಯಂ ಮೇಷ್ಟ್ರು ಎಷ್ಟು ಜನ, ಗೆಸ್ಟ್ ಲೆಕ್ಚರರ್ ಎಷ್ಟು ಜನ ಅಂತ ಕೇಳಬೇಕು. ಬೋರ್ಡಿನಲ್ಲಿ ಒಬ್ಬ ಹುಡುಗನ ದೊಡ್ಡ ಪ್ಯಾಕೇಜು ಬರೆದಿರುತ್ತಾರೆ. ಹೋದ ವರ್ಷದ ಉಳಿದ ಮಕ್ಕಳು ಎಲ್ಲಿದ್ದಾರೆ? ಎರಡನೇ ವರ್ಷಕ್ಕೆ ಪುಟ್ಟಿಗೆ ಲೆಕ್ಕಪತ್ರ ಬೇಸರವಾಗಿ ಎಕನಾಮಿಕ್ಸೋ ಕಾನೂನೋ ಓದಬೇಕು ಅನಿಸಿದರೆ ಅಲ್ಲೇ ದಾರಿ ಇದೆಯಾ? ನಲವತ್ತು ಮಕ್ಕಳ ಕ್ಲಾಸು ಬಹಳ ಒಳ್ಳೆಯದು. ಅವಳು ನೂರಿಪ್ಪತ್ತು ಜನರ ಮಧ್ಯೆ ಬಾಯಿಯೇ ಬಿಡುವುದಿಲ್ಲ. ಅದಕ್ಕೇ ನಾನು ಅವಳ ಪರ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರ ಕೈಗೂ ಬಿಟ್ಟು ಬರಬೇಡಿ.

ಇಲ್ಲಿಗೆ ಕಳಿಸಿದೆ. ಆಮೇಲೆ ಇನ್ನೊಂದು ಬರೆದೆ. 2011ರಲ್ಲಿ ನಾನು ಒಂದು ಕಾಲೇಜು ಬಿಟ್ಟಾಗ ನಡೆದದ್ದನ್ನು ಇಷ್ಟು ವರ್ಷ ಗುಂಪಿನಲ್ಲಿ ಹೇಳಿರಲಿಲ್ಲ. ಆ ಕಾಲೇಜನ್ನು ತೋರಿಸಿದ್ದು ದೊಡ್ಡಪ್ಪ. ಅಪ್ಪ ಆಫೀಸಿನ ಕಿಟಕಿ ಮುಂದೆ ಮಡಚಿದ ಅರ್ಜಿ ಹಿಡಿದು ನಿಂತಿದ್ದರು. ಗುಮಾಸ್ತ ಡ್ರಾಯರ್ ಎಳೆದು ನೀಲಿ ಫೈಲು ತೋರಿಸಿದ. ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನ ಮೂಲೆ ಹೊರಗೆ ಕಾಣುತ್ತಿತ್ತು. "ಮುಂದಿನ ವರ್ಷದ ಫೀಸು ಕಟ್ಟಿ, ಕೊಡುತ್ತೇವೆ" ಅಂದ. ಅಪ್ಪ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು. ಪಿ.ಎಫ್. ಸಾಲ ತೆಗೆದು ಕಟ್ಟಿದರು.

ನಾನು: ಈಗ ಹಾಗೆ ಮಾಡುವಂತಿಲ್ಲ. ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆ ಇದೆ, ಪಿಡಿಎಫ್ ಹಾಕಿದ್ದೇನೆ. ಒರಿಜಿನಲ್ ನೋಡಿ ಅಲ್ಲೇ ವಾಪಸ್ ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ. 2018ರ ಆ ಅಧಿಸೂಚನೆ ಪ್ರಕಾರ, ಅಡ್ಮಿಶನ್ನಿನ ಕೊನೆ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ ಫೀಸು ವಾಪಸ್, ಹೆಚ್ಚೆಂದರೆ 5,000 ರೂಪಾಯಿ ಹಿಡಿಯಬಹುದು. ಕೊನೆ ದಿನ ಕಳೆದು 15 ದಿನದೊಳಗೆ ಆದರೆ ಶೇ. 80 ವಾಪಸ್. 30 ದಿನ ದಾಟಿದರೆ ಏನೂ ಇಲ್ಲ. ಭಾವ, ತಾರೀಖು ಬರೆದಿಟ್ಟುಕೊಳ್ಳಿ.

ಯಾರೂ ಏನೂ ಬರೆಯಲಿಲ್ಲ. ನೀಲಿ ಟಿಕ್ ಮಾತ್ರ ಬಿದ್ದವು. ಹತ್ತು ನಿಮಿಷ ಆಗಿರಬೇಕು.

ಪುಟ್ಟಿ: ಚಿಕ್ಕಮ್ಮ, ಶನಿವಾರ ಹೋಗಿ ನೋಡಿ ಬರೋಣ್ವಾ? ಆರ್.ವಿ. ರೋಡಿನಿಂದ ಹಳದಿ ಲೈನ್ ಮೆಟ್ರೊದಲ್ಲಿ ಬೊಮ್ಮಸಂದ್ರ, ಅಲ್ಲಿಂದ ಬಸ್ಸು. ಸೆಕೆಂಡ್ ಇಯರ್ ಹುಡುಗಿಯರ ಹತ್ತಿರ ನಾನೇ ಮಾತಾಡುತ್ತೇನೆ.

ಅಕ್ಕ: ನಾನೂ ರಜೆ ಹಾಕುತ್ತೇನೆ.

ಚಿಕ್ಕಪ್ಪ: ಬಳೆ ವಿಷಯ ಇನ್ನೂ ಮುಗಿದಿಲ್ಲ.

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

ದೊಡ್ಡಪ್ಪ: ಶನಿವಾರ ನಾನೂ ಬರುತ್ತೇನೆ. ಪುಟ್ಟಿ, ಮಾರ್ಕ್ಸ್ ಕಾರ್ಡು ಇವತ್ತು ಸಂಜೆ ನನಗೆ ಕೊಡು. ಝೆರಾಕ್ಸ್ ಎಷ್ಟು ಸೆಟ್ ಮಾಡಿಸಲಿ?