ಕಥೆ ಓದ್ತಾರೆ, ಆದ್ರೆ ಯಾರೂ ಏನೂ ಹೇಳಲ್ಲ. ಅನುಭವ ಇದ್ದವರು ಹೇಳಿ

ಪ್ರಶ್ನೆ

ನಮಸ್ಕಾರ. ಒಂದು ಆ್ಯಪ್‌ನಲ್ಲಿ ಸಣ್ಣ ಕಥೆ ಹಾಕುತ್ತಾ ಇದ್ದೇನೆ. ಆಫೀಸು, ಅಡುಗೆ, ಮಗಳ ಹೋಂವರ್ಕ್ ಎಲ್ಲ ಮುಗಿದ ಮೇಲೆ ಮೊಬೈಲ್‌ನಲ್ಲೇ ಟೈಪ್ ಮಾಡೋದು. ಓದಿದವರ ಸಂಖ್ಯೆ ಏರುತ್ತೆ, ಸ್ಟಾರ್ ಕೂಡ ಬೀಳುತ್ತೆ. ಆದರೆ ಯಾರೂ ಒಂದು ಮಾತು ಬರೆಯಲ್ಲ, ಬರೆದರೂ ‘ಸೂಪರ್’ ಅಷ್ಟೇ. ‘ಅಭಿಪ್ರಾಯ ತಿಳಿಸಿ’ ಅಂತ ಕೆಳಗೆ ಹಾಕೋಕೆ ಒಂಥರಾ ಮುಜುಗರ. ಕೇಳಬೇಕಾ? ಹೇಗೆ ಕೇಳೋದು? ಓದುಗರು ಹೇಳಿದ್ದರಿಂದ ನಿಮ್ಮ ಬರವಣಿಗೆ ನಿಜವಾಗ್ಲೂ ಬದಲಾಗಿದೆಯಾ?

ಉತ್ತರ: ಧಾರಾವಾಹಿ ಬರೆಯುವವರು, ಮೈಸೂರು

ಕೇಳಿ ಮೇಡಂ, ಮುಜುಗರ ಯಾಕೆ. ಆದರೆ ‘ಅಭಿಪ್ರಾಯ ತಿಳಿಸಿ’ ಅಂತ ಮಾತ್ರ ಕೇಳಬೇಡಿ. ಮದುವೆ ಊಟ ಮುಗಿಸಿ ಕೈ ತೊಳೆಯುತ್ತಿರುವವರನ್ನ ‘ಊಟ ಹೇಗಿತ್ತು’ ಅಂದರೆ ಎಲ್ಲರೂ ಚೆನ್ನಾಗಿತ್ತು ಅಂತಾರೆ, ಇನ್ನೇನು ಅಂತಾರೆ? ಸಾರಿಗೆ ಉಪ್ಪು ಜಾಸ್ತಿ ಆಯ್ತಾ ಅಂತ ಕೇಳಿ ನೋಡಿ, ಆಗ ಬಾಯಿ ಬಿಡ್ತಾರೆ. ನಾನು ಪ್ರತಿ ಭಾಗದ ಕೆಳಗೆ ಒಂದೇ ಒಂದು ಪ್ರಶ್ನೆ ಹಾಕ್ತೀನಿ. ‘ಅಣ್ಣ ಸುಳ್ಳು ಹೇಳ್ತಿದ್ದಾನೆ ಅಂತ ನಿಮಗೆ ಯಾವಾಗ ಅನುಮಾನ ಬಂತು?’ ಈ ಥರದ್ದು. ಒಬ್ಬರು ‘ಅವನು ಬಂದ ಕೂಡಲೇ’ ಅಂದರು. ಇನ್ನೊಬ್ಬರು ‘ಸುಳ್ಳು ಹೇಳಿದ್ನಾ? ಯಾವಾಗ?’ ಅಂತ ನನ್ನನ್ನೇ ಕೇಳಿದರು. ಎರಡೂ ನನಗೆ ಬೇಕಾದ ಉತ್ತರವೇ. ನಮ್ಮ ತಲೆಯಲ್ಲಿ ಇದ್ದದ್ದು ಎಷ್ಟು, ಕಾಗದಕ್ಕೆ ಇಳಿದದ್ದು ಎಷ್ಟು ಅನ್ನೋದು ಬರೆದವರಿಗೆ ತಿಳಿಯೋದೇ ಇಲ್ಲ, ಯಾಕಂದ್ರೆ ನಾವು ಓದುವಾಗ ಬಿಟ್ಟುಹೋದದ್ದನ್ನೂ ಸೇರಿಸಿಕೊಂಡೇ ಓದ್ತೀವಿ.

ಸಂಖ್ಯೆಯನ್ನೂ ಸುಮ್ನೆ ಬಿಡಬೇಡಿ. ಮೊದಲ ಭಾಗಕ್ಕಿಂತ ಎರಡನೇದಕ್ಕೆ ಜನ ಕಡಿಮೆ ಇರೋದು ಮಾಮೂಲು. ಆದರೆ ಐದನೇ ಭಾಗದವರೆಗೆ ಜೊತೆಗೇ ಬಂದವರು ಆರರಲ್ಲಿ ಅರ್ಧಕ್ಕರ್ಧ ಕಾಣದಿದ್ದರೆ ಐದರಲ್ಲೇ ಏನೋ ಎಡವಟ್ಟಾಗಿದೆ. ಏನು ಅಂತ ಸಂಖ್ಯೆ ಹೇಳಲ್ಲ, ಅದಕ್ಕೆ ಮನುಷ್ಯರೇ ಬೇಕು.

ಉತ್ತರ: ನಿವೃತ್ತ ಮೇಷ್ಟ್ರು, ತುಮಕೂರು

ನಾವೆಲ್ಲ ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ಕಳಿಸುತ್ತಿದ್ದ ಕಾಲದವರು. ಸುಧಾ 1965ರಲ್ಲಿ, ಮಯೂರ 1968ರಲ್ಲಿ ಶುರುವಾದವು, ತರಂಗ 1983ರಲ್ಲಿ ಬಂತು. ಹಾಳೆಯ ಒಂದೇ ಮಗ್ಗುಲಿಗೆ ಬರೆದು, ನಮ್ಮದೇ ವಿಳಾಸದ ಕವರಿಗೆ ಸ್ಟಾಂಪ್ ಅಂಟಿಸಿ ಜೊತೆಗಿಟ್ಟು ಕಳಿಸೋದು. ಕವರು ದಪ್ಪಗೆ ವಾಪಸ್ ಬಂದರೆ ಒಡೆಯೋದೇ ಬೇಡ, ಕಥೆ ತಿರುಗಿ ಬಂದಿದೆ ಅಂತ ಅರ್ಥ. ಯಾಕೆ ಬೇಡ ಅಂದರು ಅನ್ನೋದು ಅದರಲ್ಲಿ ಇರುತ್ತಿರಲಿಲ್ಲ. ಅಚ್ಚಾದರೆ ಕೆಲವು ವಾರ ಬಿಟ್ಟು ಓದುಗರ ಪತ್ರದಲ್ಲಿ ಎರಡು ಸಾಲು ಬರಬಹುದು, ಬರದೆಯೂ ಇರಬಹುದು. ಆದರೂ ಒಂದು ಮಾತು. ಅಲ್ಲಿ ಸಂಪಾದಕ ಅಂತ ಒಬ್ಬ ಇದ್ದ. ಕಥೆ ಅವನ ಕೈ ದಾಟಿಯೇ ಓದುಗರ ಹತ್ತಿರ ಹೋಗಬೇಕಿತ್ತು. ಉದ್ದ ಆದರೆ ಕತ್ತರಿಸುತ್ತಿದ್ದ, ತಲೆಬರಹ ಸಪ್ಪೆ ಅನಿಸಿದರೆ ಬದಲಿಸುತ್ತಿದ್ದ. ನಮಗೆ ಸಿಟ್ಟು ಬರುತ್ತಿತ್ತು, ಅದು ಬೇರೆ.

ಈಗಂತೂ, 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿ ಆ್ಯಪ್‌ನಂಥ ಜಾಗಗಳಲ್ಲಿ ಯಾರ ಅಪ್ಪಣೆಯೂ ಬೇಡ, ಬರೆದು ಬಟನ್ ಒತ್ತಿದರೆ ಕಥೆ ಲೋಕದ ಮುಂದೆ. ಒಳ್ಳೇದೇ ಆಯಿತು, ಎಷ್ಟೋ ಹೆಣ್ಣುಮಕ್ಕಳು, ಹಳ್ಳಿ ಹುಡುಗರು ಇದರಿಂದಲೇ ಬರೆಯೋಕೆ ಶುರು ಮಾಡಿದ್ದಾರೆ. ಆದರೆ ಸಂಪಾದಕ ಮಾಡುತ್ತಿದ್ದ ಕೆಲಸ ಎಲ್ಲಿ ಹೋಯಿತು? ಅದೂ ಓದುಗರ ತಲೆಗೇ ಬಂತು. ಅವರು ಬಾಯಿ ಬಿಡದಿದ್ದರೆ ಹವ್ಯಾಸಿ ಬರಹಗಾರ ಹತ್ತು ವರ್ಷ ಒಂದೇ ಕಥೆಯನ್ನ ಬೇರೆ ಬೇರೆ ಹೆಸರಲ್ಲಿ ಬರೀತಾ ಕೂರ್ತಾನೆ. ನಾನು ಕಣ್ಣಾರೆ ನೋಡಿದ್ದೇನೆ.

ಉತ್ತರ: ಬರೆಯೋಳಲ್ಲ, ಓದೋಳು. ಶಿರಸಿ ಕಡೆ

ನಿಮ್ಮೆಲ್ಲರ ಮಧ್ಯೆ ನಾನೊಬ್ಬಳು ಓದುವವಳು, ನನ್ನದೂ ಒಂದು ಮಾತು ಇರಲಿ. ನಾವು ಯಾಕೆ ಸುಮ್ಮನಿರ್ತೀವಿ ಗೊತ್ತಾ? ಸೊಕ್ಕಿನಿಂದ ಅಲ್ಲ. ‘ನಮಗೇನು ತಿಳಿಯುತ್ತೆ, ನಾವೇನು ಸಾಹಿತ್ಯ ಓದಿದವರಾ’ ಅಂತ ಹಿಂಜರಿಕೆ. ಮೊಬೈಲ್‌ನಲ್ಲಿ ಕನ್ನಡ ಒತ್ತೋದೂ ಎಲ್ಲರಿಗೆ ಸಲೀಸಲ್ಲ. ಒತ್ತಕ್ಷರ ಬಂದಲ್ಲಿ ಸಾಕಾಗಿ ಒಂದು ಹೂವಿನ ಚಿತ್ರ ಹಾಕಿ ಮುಗಿಸ್ತೀವಿ.

ಆದರೆ ಒಂದು ಕಥೆಗೆ ಸುಮ್ಮನಿರೋಕೆ ಆಗಲಿಲ್ಲ. ಆಷಾಢದ ಜಡಿಮಳೆ, ಲಾಟೀನಿನ ಬೆಳಕು, ಹೆಂಗಸರೆಲ್ಲ ಸಾಲಾಗಿ ಕೂತು ಹಸಿ ಅಡಿಕೆ ಸುಲಿಯುತ್ತಿದ್ದಾರೆ, ಪಕ್ಕದಲ್ಲಿ ಅಣ್ಣ ತಮ್ಮ ಪಾಲಿನ ಜಗಳ ತೆಗೆದಿದ್ದಾರೆ. ಜಗಳ ಬಲು ಚೆನ್ನಾಗಿತ್ತು, ಥೇಟು ನಮ್ಮ ಮನೆಗಳ ಹಾಗೇ. ಆದರೆ ಆಷಾಢದಲ್ಲಿ ಹಸಿ ಅಡಿಕೆ ಎಲ್ಲಿಂದ ಬರಬೇಕು? ನಮ್ಮಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸೋದು, ಶುರುವಾಗೋದೇ ದೀಪಾವಳಿ ಆಸುಪಾಸಿನಲ್ಲಿ. ಸುಲಿಯೋದು, ಬೇಯಿಸೋದು, ಒಣಗಿಸೋದು ಎಲ್ಲ ಚಳಿಗಾಲದ ಕೆಲಸ. ಮಳೆಗಾಲದಲ್ಲಿ ಕೊನೆಗೌಡ, ಅಂದರೆ ಗೊನೆ ಕೊಯ್ಯೋ ಆಳು, ಮರ ಹತ್ತೋದು ಕೊಳೆ ರೋಗಕ್ಕೆ ಔಷಧಿ ಹೊಡೆಯೋಕೆ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ, ಕಲಸಿದ ದಿನವೇ ಖರ್ಚಾಗಬೇಕು, ಅದಕ್ಕೆ ಮಳೆ ಸ್ವಲ್ಪ ಬಿಟ್ಟು ಹೊಳವಾಗಬೇಕು. ಇಷ್ಟನ್ನೂ ಬರೆದು ಹಾಕಿದೆ. ಕೊನೆಗೆ ‘ಜಗಳ ಮಾತ್ರ ಮುಟ್ಟಬೇಡಿ’ ಅಂತಲೂ ಸೇರಿಸಿದೆ. ಪಾಪ, ಬರೆದವರು ಬಯಲುಸೀಮೆಯವರಂತೆ, ಬೇಜಾರು ಮಾಡಿಕೊಂಡಾರು ಅಂತ ರಾತ್ರಿಯಿಡೀ ಯೋಚನೆ.

ಅವರು ಏನು ಮಾಡಿದರು ನೋಡಿ. ತಿಂಗಳ ಹೆಸರು ಬದಲಿಸಿ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ಇಡೀ ದೃಶ್ಯ ಮತ್ತೆ ಬರೆದರು. ಔಷಧಿ ಡ್ರಮ್ಮಿನಲ್ಲಿ ಕಲಸಿ ಇಟ್ಟಾಗಿದೆ, ಮಳೆ ಬಿಡುತ್ತಿಲ್ಲ, ಕೊನೆಗೌಡ ಜಗಲಿ ತುದಿಗೆ ಕೂತು ಎಲೆಅಡಿಕೆ ಕವಳ ಹಾಕ್ತಿದ್ದಾನೆ, ಅವನ ದಿನದ ಸಂಬಳ ಯಾರು ಕೊಡೋದು ಅನ್ನೋದರಿಂದ ಪಾಲಿನ ಮಾತು ಏಳುತ್ತೆ. ಮೊದಲಿನದಕ್ಕಿಂತ ಈ ಜಗಳಕ್ಕೆ ಖಾರ ಜಾಸ್ತಿ, ಯಾಕಂದ್ರೆ ಈಗ ಹೊರಗಿನವನೊಬ್ಬ ಎಲ್ಲ ಕೇಳಿಸಿಕೊಳ್ತಿದ್ದಾನೆ. ಅದನ್ನು ನಾನು ಹೇಳಿಕೊಟ್ಟದ್ದಲ್ಲ. ನಾನು ಹೇಳಿದ್ದು ಅಡಿಕೆ ವಿಚಾರ ಅಷ್ಟೇ. ಹಾಗಾಗಿ ಓದುವವರಿಗೆ ನನ್ನ ಮಾತು ಇಷ್ಟು: ಸಾಹಿತ್ಯ ಗೊತ್ತಿಲ್ಲದಿದ್ದರೆ ಬಿಡಿ, ನಿಮಗೆ ಗೊತ್ತಿರೋದನ್ನ ಹೇಳಿ. ತೋಟ, ಹೊಲಿಗೆ, ಕೋರ್ಟು, ಆಸ್ಪತ್ರೆ ವಾರ್ಡು, ಏನಾದರೂ ಒಂದು ಪ್ರತಿಯೊಬ್ಬರಿಗೂ ಬರೆದವರಿಗಿಂತ ಚೆನ್ನಾಗಿ ಗೊತ್ತಿರುತ್ತೆ.

ಉತ್ತರ: ಹೆಂಗಸರ ಕಥೆ ಬರೆಯುವವರು, ಹುಬ್ಬಳ್ಳಿ

ಅಕ್ಕಾರ ಅಡಿಕೆ ಮಾತು ಬಹಳ ಹಿಡಿಸಿತು. ಆದರೆ ಎಲ್ಲ ಪ್ರತಿಕ್ರಿಯೆ ಇಂಥದ್ದೇ ಬರುತ್ತೆ ಅಂದುಕೊಳ್ಳಬೇಡಿ ಮತ್ತೆ. ‘ನಾನು’ ಅಂತ ಬರೆದ ಕಥೆಯಲ್ಲಿ ಗಂಡ ಕುಡಿಯುತ್ತಾನೆ ಅಂತ ಬಂದರೆ ಸಾಕು, ಇನ್‌ಬಾಕ್ಸಿಗೆ ಬರ್ತಾರೆ. ‘ಇದು ನಿಮ್ಮ ಸ್ವಂತ ಕಥೆನಾ ಮೇಡಂ? ಧೈರ್ಯವಾಗಿರಿ, ನಂಬರ್ ಕೊಡಿ.’ ನಮ್ಮ ಮನೆಯವರು ಜೀವನದಲ್ಲಿ ಒಂದು ಹನಿ ಕುಡಿದವರಲ್ಲ, ಅವರ ದೊಡ್ಡಮ್ಮ ಕಥೆ ಓದಿ ಫೋನ್ ಮಾಡಿ ವಿಚಾರಿಸಿದರು! ಅದು ನಗೋ ವಿಷಯ, ಸರಿ. ಆದರೆ ನಂಬರ್ ಕೇಳೋರ ಕಾಟಕ್ಕೆ ಬರೆಯೋದನ್ನೇ ಬಿಟ್ಟ ಗೆಳತಿಯರು ನನಗಿದ್ದಾರೆ.

ನಾನು ಒಂದು ಗೆರೆ ಹಾಕಿಕೊಂಡಿದ್ದೀನಿ. ಮಾತು ಕಥೆಯ ಮೇಲಿದ್ದರೆ ಎಷ್ಟು ಕಟುವಾದರೂ ಓದ್ತೀನಿ, ಸಿಟ್ಟು ಇಳಿದ ಮೇಲೆ ಥ್ಯಾಂಕ್ಸ್ ಹೇಳ್ತೀನಿ. ಮಾತು ನನ್ನ ಮೇಲಿದ್ದರೆ ಉತ್ತರವೇ ಇಲ್ಲ, ಬ್ಲಾಕ್. ವಾದ ಮಾಡೋಕೆ ಹೋಗಬೇಡಿ, ಅವರಿಗೆ ಅದೇ ಬೇಕಾಗಿರೋದು.

‘ನಿಮ್ಮ ಕಥೆ ಸೂಪರ್, ನನ್ನದೂ ಓದಿ’ ಅನ್ನೋ ಮುಯ್ಯಿ ಕಾಮೆಂಟ್‌ಗಳನ್ನೂ ಲೆಕ್ಕಕ್ಕೆ ಹಿಡೀಬೇಡಿ.

ಉತ್ತರ: ಮತ್ತೆ ಮೈಸೂರಿನವರು

ಒಂದು ಹೇಳೋದು ಬಿಟ್ಟುಹೋಗಿತ್ತು. ಓದುಗರು ಹೇಳಿದ ಹಾಗೆ ಕಥೆ ತಿರುಗಿಸಬೇಕು ಅಂತ ಯಾರೂ ತಿಳಿಯಬೇಡಿ. ನನ್ನ ಧಾರಾವಾಹಿಯಲ್ಲಿ ಒಬ್ಬಳು ಅತ್ತೆ. ಭಾಗ ಹಾಕಿದಾಗೆಲ್ಲ ‘ಅವಳಿಗೆ ತಕ್ಕ ಶಾಸ್ತಿ ಮಾಡಿ’ ಅಂತ ಒತ್ತಾಯ. ಒಬ್ಬರಂತೂ ಮೆಟ್ಟಿಲಿಂದ ಬೀಳಿಸಿ ಅಂತ ಉಪಾಯವನ್ನೂ ಕೊಟ್ಟರು. ಇಷ್ಟು ಜನ ಒಂದೇ ಕಡೆ ಬೆರಳು ತೋರಿಸುತ್ತಿದ್ದಾರೆ ಅಂದಮೇಲೆ ಅಲ್ಲಿ ಏನೋ ಇದೆ, ಅದು ಖಂಡಿತ. ಆದರೆ ಅವಳನ್ನ ಬೀಳಿಸಿದರೆ ಸರಿಹೋಗುತ್ತಿತ್ತಾ? ಕೂತು ನೋಡಿದರೆ ಅವಳು ಯಾಕೆ ಹಾಗೆ ಆಡ್ತಾಳೆ ಅನ್ನೋದಕ್ಕೆ ಕಥೆಯಲ್ಲಿ ಒಂದು ಸಾಲೂ ಇರಲಿಲ್ಲ. ಬೀಗದ ಕೈ ಗೊಂಚಲನ್ನು ಸೊಸೆಗೆ ಕೊಟ್ಟ ದಿನ ಅವಳು ಖಾಲಿ ಸೊಂಟ ಮುಟ್ಟಿ ನೋಡಿಕೊಳ್ಳೋ ಒಂದು ಸಣ್ಣ ಪ್ರಸಂಗ ಸೇರಿಸಿದೆ. ಶಾಸ್ತಿ ಕೇಳುತ್ತಿದ್ದವರಲ್ಲೇ ಕೆಲವರು ‘ಪಾಪ’ ಅನ್ನೋಕೆ ಶುರು ಮಾಡಿದರು. ಎಲ್ಲಿ ನೋವು ಅನ್ನೋದನ್ನ ಓದುಗರಿಂದ ಕೇಳಿಸಿಕೊಳ್ಳಿ, ಔಷಧಿ ನೀವೇ ಹುಡುಕಿ.

ಉತ್ತರ: ಮಸ್ಕತ್‌ನಿಂದ

ಇಲ್ಲಿ ದಿನವಿಡೀ ಇಂಗ್ಲಿಷು, ಹಿಂದಿ. ಕಥೆ ಬರೆದರೆ ಓದಿ ಹೇಳೋಕೆ ಮನೆಯಲ್ಲಿ ಕನ್ನಡ ಓದೋರಿಲ್ಲ, ಮಕ್ಕಳಿಗೆ ಮಾತು ಬರುತ್ತೆ, ಅಕ್ಷರ ಬರಲ್ಲ. ಹಾಗಾಗಿ ‘ಸೂಪರ್’ ಅನ್ನೋದನ್ನೂ ನಾನು ಅಲ್ಲಗಳೆಯಲ್ಲ. ಕಥೆ ಸುಧಾರಿಸೋಕೆ ಅದು ಏನೂ ಕೆಲಸಕ್ಕೆ ಬರಲ್ಲ, ಒಪ್ಪಿದೆ. ಮುಂದಿನ ವಾರ ಮತ್ತೆ ಬರೆಯೋಕೆ ಕೂರಿಸೋದು ಮಾತ್ರ ಅದೇ. ಇನ್ನೊಂದು, ಟೈಪ್ ಮಾಡೋಕೆ ಕಷ್ಟ ಅನ್ನೋ ಓದುಗರಿಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ ಅಂತ ಹೇಳಿ, ಪರಿಚಯದವರಾದರೆ ಮಾತ್ರ. ಎಲ್ಲಿ ನಕ್ಕರು, ಎಲ್ಲಿ ಸುಮ್ಮನೆ ಒಪ್ಪಿಸಿದರು ಅಂತ ಧ್ವನಿಯಲ್ಲೇ ಗೊತ್ತಾಗಿಬಿಡುತ್ತೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಈ ವಾರ ಹಾಕಿದ ಕಥೆಯಲ್ಲಿ ಅಮ್ಮ ಬಳೆ ಅಡ ಇಟ್ಟು ಮಗನಿಗೆ ಹೇಳದೆ ಮುಚ್ಚಿಡ್ತಾಳೆ. ಕೆಳಗೆ ಹೀಗೆ ಕೇಳಿದರೆ ಹೇಗೆ: ‘ಮಗನ ಮೇಲಿನ ಪ್ರೀತಿಯಿಂದ ಅಮ್ಮ ಮುಚ್ಚಿಟ್ಟದ್ದು ನಿಮಗೆ ಸರಿ ಅನಿಸಿತಾ?’

ಉತ್ತರ: ಶಿರಸಿಯ ಓದೋಳು

ಪ್ರೀತಿಯಿಂದ ಅಂತ ನೀವೇ ಹೇಳಿಬಿಟ್ಟರೆ ನಾವು ಹೌದು ಅಂತೀವಿ, ಮುಗಿಯಿತು. ‘ಅಮ್ಮ ಯಾಕೆ ಮುಚ್ಚಿಟ್ಟಳು ಅನಿಸುತ್ತೆ?’ ಅಂತ ಅಷ್ಟೇ ಕೇಳಿ. ಮತ್ತೆ ಕಥೆಯ ಲಿಂಕ್ ಹಾಕಿಲ್ಲ ನೀವು. ಹಾಕಿ, ಮಧ್ಯಾಹ್ನ ಪುರುಸೊತ್ತಿದೆ, ಓದ್ತೀನಿ. ಬಳೆ ಅಡ ಇಟ್ಟದ್ದು ಸೊಸೈಟಿಯಲ್ಲಾ, ಮಾರ್ವಾಡಿ ಹತ್ತಿರವಾ ಅಂತಲೂ ನೋಡಬೇಕು.