ರಿಫ್ಲೆಕ್ಟಿವ್ ಪ್ರಾಕ್ಟೀಸ್: ವಿದ್ಯಾರ್ಥಿಗಳ ಪ್ರಶ್ನಾವಳಿಗೆ ಯಾವ ಪದ?

ಪ್ರಶ್ನೆ:
ಮಾನ್ಯರೇ, ರಿಫ್ಲೆಕ್ಟಿವ್ ಪ್ರಾಕ್ಟೀಸ್ (ತಾನು ಮಾಡುವ ಕೆಲಸದ ಬಗ್ಗೆ ತಾನೇ ಯೋಚಿಸಿ ಕಲಿಯುವುದು) ಬಗ್ಗೆ ಪದವಿ ವಿದ್ಯಾರ್ಥಿಗಳ ಧೋರಣೆಯನ್ನು ಅಳೆಯುವ, ಐದು ಆಯ್ಕೆಗಳ ಪ್ರಶ್ನಾವಳಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಬೇಕಾಗಿದೆ. ಪ್ರತಿಫಲನ, ಆತ್ಮಾವಲೋಕನ, ಮನನ, ಹಿನ್ನೋಟ ಇವುಗಳಲ್ಲಿ ಯಾವುದು ಹೊಂದುತ್ತದೆ? ಪ್ರಾಕ್ಟೀಸ್ ಎಂಬುದಕ್ಕೆ ‘ಅಭ್ಯಾಸ’ ಸಾಕೇ?

ಉತ್ತರ:
ಪ್ರತಿಫಲನ ಬೆಳಕಿಗೆ ಸೇರಿದ ಮಾತು, ಬಿಟ್ಟುಬಿಡಿ. ಆತ್ಮಾವಲೋಕನ ಕಿವಿಗೆ ಹಿತವಾಗಿದ್ದರೂ ಹೆಚ್ಚು ಹಾನಿ ಮಾಡುವುದು ಅದೇ. ಅದರಲ್ಲಿ ತಪ್ಪೊಪ್ಪಿಗೆಯ ಧ್ವನಿ ಇದೆ. ಆ ಪದ ಕಂಡ ವಿದ್ಯಾರ್ಥಿ ‘ನಾನು ಇನ್ನಷ್ಟು ಶ್ರಮಪಡಬೇಕಿತ್ತು’ ಎಂದು ಬರೆದು ನಿಲ್ಲಿಸುತ್ತಾನೆ. ಕೆಲಸ ಹೇಗೆ ಹಂಚಿಕೆಯಾಗಿತ್ತು, ತಾನು ಏನನ್ನು ನಿಜವೆಂದು ನಂಬಿ ಹೊರಟಿದ್ದ ಎಂಬುದು ಪರಿಶೀಲನೆಗೇ ಬರುವುದಿಲ್ಲ. ಮನನ ಶ್ರವಣದ ನಂತರದ್ದು: ಕೇಳಿದ್ದರ ಕುರಿತು, ಮಾಡಿದ್ದರ ಕುರಿತಲ್ಲ. ತರಗತಿಯಲ್ಲಂತೂ ಅದು ಬಾಯಿಪಾಠದ ಹತ್ತಿರಕ್ಕೆ ಜಾರಿದೆ.

ಹಿನ್ನೋಟ ಅರ್ಧ ಸರಿ. ಈ ಪರಿಕಲ್ಪನೆಯನ್ನು ಬೆಳೆಸಿದ ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ಇದರ ಎರಡು ಬಗೆ ಹೇಳಿದರು: ಕೆಲಸದ ನಡುವೆಯೇ ಯೋಚಿಸಿ ದಾರಿ ಬದಲಿಸುವುದು, ಕೆಲಸ ಮುಗಿದ ಮೇಲೆ ಯೋಚಿಸುವುದು. ಹಿನ್ನೋಟಕ್ಕೆ ಎರಡನೆಯದು ಮಾತ್ರ ಸಿಗುತ್ತದೆ.

ನನ್ನ ಆಯ್ಕೆ ಪರಾಮರ್ಶೆ. ನಂಬಿಕೆಯೊಂದನ್ನು ಅದರ ಆಧಾರಗಳೊಂದಿಗೆ ಎಚ್ಚರದಿಂದ, ಬಿಡದೆ ಪರಿಶೀಲಿಸುವುದು ಎಂದು ಅಮೆರಿಕದ ಶಿಕ್ಷಣ ತತ್ತ್ವಜ್ಞಾನಿ ಜಾನ್ ಡೀವಿ 1910ರಲ್ಲಿ ಇಂಥ ಯೋಚನೆಗೆ ಕೊಟ್ಟ ಅರ್ಥಕ್ಕೆ ಇದು ಒಪ್ಪುತ್ತದೆ. (ಭಾರತೀಯ ತರ್ಕಶಾಸ್ತ್ರವಾದ ನ್ಯಾಯದಲ್ಲೂ ಅನುಮಿತಿಗೆ, ಅಂದರೆ ಕುರುಹಿನಿಂದ ತೀರ್ಮಾನಕ್ಕೆ ಬರುವುದಕ್ಕೆ, ಮುಂಚಿನ ಹೆಜ್ಜೆಯ ಹೆಸರು ಪರಾಮರ್ಶ.) ‘ಅಭ್ಯಾಸ’ ಎಂದರೆ ಓದು ಅಥವಾ ರೂಢಿ ಎಂದಾಗುತ್ತದೆ, ಶೋನ್ ಹೇಳುವುದು ವೃತ್ತಿಯ ಕೆಲಸ. ಶೀರ್ಷಿಕೆಗೆ ‘ಪರಾಮರ್ಶನಶೀಲ ವೃತ್ತಿಕ್ರಮ’ ಇರಲಿ.

ಆದರೆ ಪ್ರಶ್ನಾವಳಿಯ ಹೇಳಿಕೆಗಳ ಒಳಗೆ ಈ ಪದವನ್ನೂ ತರಬೇಡಿ. ‘ಮಾಡಿದ ಕೆಲಸ ಹಾಗೇಕೆ ಆಯಿತೆಂದು ಯೋಚಿಸುವುದು’ ಎಂದು ಕ್ರಿಯಾಪದದಲ್ಲೇ ಬರೆಯಿರಿ. ‘ಯೋಚಿಸಿ ತಿದ್ದಿಕೊಳ್ಳುವುದು’ ಬೇಡ: ತಪ್ಪು ನಡೆದಿದೆ ಎಂದು ಮೊದಲೇ ಊಹಿಸಿದಂತಾಗುತ್ತದೆ, ಚೆನ್ನಾಗಿ ನಡೆದದ್ದು ಹೊರಗೇ ಉಳಿಯುತ್ತದೆ. ಅನುಭವವನ್ನು ಹಂತಹಂತವಾಗಿ ಪರಿಶೀಲಿಸಲು ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳ ಚಕ್ರವನ್ನು ಬಳಸಿದ್ದರೆ ಮೂರನೆಯ ಹಂತವನ್ನು ‘ಮೌಲ್ಯಮಾಪನ’ ಎನ್ನಬೇಡಿ; ವಿದ್ಯಾರ್ಥಿಗೆ ಅದು ಉತ್ತರಪತ್ರಿಕೆ ತಿದ್ದುವ ಕೆಲಸ. ‘ಯಾವುದು ಚೆನ್ನಾಯಿತು, ಯಾವುದು ಆಗಲಿಲ್ಲ’ ಎಂದರೆ ಸಾಕು.

ಪದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಯೋಚಿಸುವುದರ ಬಗ್ಗೆ ಇರುವ ಧೋರಣೆ ಬೇರೆ, ಅದನ್ನು ಅಂಕಕ್ಕಾಗಿ ಬರೆದು ಒಪ್ಪಿಸುವುದರ ಬಗ್ಗೆ ಇರುವ ಧೋರಣೆ ಬೇರೆ. ಗೆಳೆಯರೊಂದಿಗೆ ಪ್ರಯೋಗದ ಸೋಲನ್ನು ಗಂಟೆಗಟ್ಟಲೆ ಚರ್ಚಿಸುವವರೇ ದಿನಚರಿ ಬರೆಯಲು ಬೇಸರಪಡಬಹುದು. ಅಂಕ ಕೊಡುವವರು ಓದುತ್ತಾರೆಂದರೆ ಅವರಿಗೆ ಹಿಡಿಸುವುದನ್ನೇ ಬರೆಯುತ್ತಾರೆ. ‘ಯೋಚಿಸಿ ಬರೆಯುವುದು ಉಪಯುಕ್ತ’ ಎಂಬ ಒಂದೇ ಹೇಳಿಕೆಯಲ್ಲಿ ಇವೆರಡೂ ಕಲಸಿಹೋಗುತ್ತವೆ. ಒಡೆದು ಎರಡು ಹೇಳಿಕೆ ಮಾಡಿ, ಅಂಕದ ಬಗ್ಗೆ ಮೂರನೆಯದು ಸೇರಿಸಿ.

ನಿಷೇಧ ವಾಕ್ಯವನ್ನೂ ಗಮನಿಸಿ. ‘ಇದರಿಂದ ಪ್ರಯೋಜನವಿಲ್ಲ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕುವಾಗ ಎರಡು ‘ಇಲ್ಲ’ ಸೇರಿ ಹಲವರು ತಿರುಗುಮುರುಗು ಮಾಡುತ್ತಾರೆ. ‘ಇದು ಸಮಯ ವ್ಯರ್ಥ’ ಎಂದರೆ ತೊಡಕಿಲ್ಲ. ಹಂಚುವ ಮುನ್ನ ಐದಾರು ವಿದ್ಯಾರ್ಥಿಗಳಿಂದ ಪ್ರತಿ ಹೇಳಿಕೆಯನ್ನೂ ಅವರದೇ ಮಾತಿನಲ್ಲಿ ಹೇಳಿಸಿ ನೋಡಿ. ನಡುವಿನ ಆಯ್ಕೆಗೆ ‘ತಟಸ್ಥ’ ಎಂದಿಟ್ಟು, ‘ಈ ಕೆಲಸ ಮಾಡಿಯೇ ಇಲ್ಲ’ ಎಂಬುದನ್ನು ಬೇರೆ ಅಂಕಣದಲ್ಲಿ ಕೊಡಿ. ಇಲ್ಲವಾದರೆ ಅನುಭವವೇ ಇಲ್ಲದವರೂ ತಟಸ್ಥರ ಲೆಕ್ಕಕ್ಕೆ ಸೇರುತ್ತಾರೆ.